ಸಗಣಿಗೆ ಗಿರಾಕಿ ಇದೆ, ಗಂಜಲಕ್ಕೆ?

ಭರಚುಕ್ಕಿ ಕೊಳ್ಳೇಗಾಲದ ಪಾಲು, ಗಗನಚುಕ್ಕಿ ಮಳವಳ್ಳಿಯ ಪಾಲು. ಕಾವೇರಿ ಇಬ್ಭಾಗವಾಗಿ ಧುಮುಕುವ ಶಿವನಸಮುದ್ರದಲ್ಲಿ 1902ರಲ್ಲಿ ಕರೆಂಟು ಹುಟ್ಟಿತು. ಹುಟ್ಟಿದ್ದೇ ತಡ, ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಓಡಿ ಕೋಲಾರದ ಚಿನ್ನದ ಗಣಿ ಸೇರಿತು. 1905ರಲ್ಲಿ ಬೆಂಗಳೂರಿನ ಬೀದಿಗೂ ಬಂತು. ಪಕ್ಕದಲ್ಲೇ ಇದ್ದ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಿಗೆ, ಹನೂರು ಕಡೆಯ ಕಾಡಂಚಿನ ದೊಡ್ಡಿಗಳಿಗೆ ಬರಲು ಮಾತ್ರ ಅದಕ್ಕೆ ದಶಕಗಟ್ಟಲೆ ಹಿಡಿಯಿತು. ಮಲೆ ಮಹದೇಶ್ವರ ಬೆಟ್ಟದ ಇಂಡಿಗನತ್ತದಲ್ಲಿ 2024ರ ಏಪ್ರಿಲ್‌ನಲ್ಲಿ ಮತಗಟ್ಟೆ ಪುಡಿಯಾದದ್ದು ನೆನಪಿರಬಹುದು. ಮೂಲಸೌಕರ್ಯವೇ ಇಲ್ಲದ ಊರಿನವರು ಓಟು ಯಾಕೆ ಹಾಕಬೇಕು ಎಂಬುದು ಅಲ್ಲಿನ ಸಿಟ್ಟಿನ ಬುಡ.

ಇಂಥ ಸೀಮೆಯಲ್ಲಿ ನಿಂತು ‘ಕೊಟ್ಟಿಗೆ ತೊಳೆದ ನೀರಿನಿಂದ ಕರೆಂಟು ತೆಗೀಬಹುದಂತೆ’ ಎಂದರೆ ಯಾರ ಕಿವಿಯಾದರೂ ನಿಮಿರುತ್ತದೆ. ಮಾತು ಸುಳ್ಳೂ ಅಲ್ಲ. ಸೂಕ್ಷ್ಮಾಣು ಇಂಧನ ಕೋಶ ಎಂಬ ಸಾಧನ ಇದೆ. ಹಂದಿ, ದನಗಳ ಕೊಳಚೆ ನೀರನ್ನು ಅದಕ್ಕೆ ಉಣಿಸಿ ಕರೆಂಟು ತೆಗೆದವರೂ ಇದ್ದಾರೆ. ಆದರೆ ಎಷ್ಟು ಕರೆಂಟು, ಯಾರ ಸಗಣಿ, ಯಾರ ಗಂಜಲ ಎಂದು ಕೇಳುತ್ತಾ ಹೋದರೆ ಕತೆ ಬೇರೆಯೇ ದಾರಿ ಹಿಡಿಯುತ್ತದೆ. ಕರೆಂಟಿನ ಆಸೆಗೆ ಬಿದ್ದು ಇದನ್ನು ಬೆಟ್ಟದ ಸೀಮೆಗೆ ತಂದರೆ ಕೈಗೆ ಸಿಗುವುದು ನಿರಾಸೆ. ನೀರು ತಿಳಿ ಮಾಡುವ ಕೆಲಸಕ್ಕೆಂದು ತಂದರೆ ಇದಕ್ಕೊಂದು ಜಾಗ ಇದೆ. ಯಾಕೆ ಹಾಗೆ ಎಂಬುದಕ್ಕೆ ಸ್ವಲ್ಪ ವಿಜ್ಞಾನ, ಸ್ವಲ್ಪ ಮಗ್ಗಿ, ಸ್ವಲ್ಪ ಊರಿನ ಸಂಗತಿ ಬೇಕು.

ಶಿವನಸಮುದ್ರದಲ್ಲಿ ಟರ್ಬೈನ್ ತಿರುಗತೊಡಗಿ ಒಂಬತ್ತು ವರ್ಷಕ್ಕೆ, ಅಂದರೆ 1911ರಲ್ಲಿ, ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಪ್ರೊಫೆಸರ್ ಎಂ.ಸಿ. ಪಾಟರ್ ಒಂದು ವಿಚಿತ್ರ ವರದಿ ಪ್ರಕಟಿಸಿದರು. ಯೀಸ್ಟು, ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಕೊಳೆಸುತ್ತಿರುವ ದ್ರವದಲ್ಲಿ ಪ್ಲಾಟಿನಂ ಇಳಿಬಿಟ್ಟರೆ ಅಲ್ಲೊಂದು ಪುಟ್ಟ ವೋಲ್ಟೇಜು ಹುಟ್ಟುತ್ತದೆ ಎಂಬುದು ಅದರ ಸಾರ. ಸಿಕ್ಕಿದ್ದು ಅರ್ಧ ವೋಲ್ಟಿನ ಆಸುಪಾಸು. ಇಪ್ಪತ್ತು ವರ್ಷದ ನಂತರ ಅಮೆರಿಕದಲ್ಲಿ ಬಾರ್ನೆಟ್ ಕೋಹೆನ್ ಇಂಥ ಕೋಶಗಳನ್ನು ಸಾಲಾಗಿ ಜೋಡಿಸಿ 35 ವೋಲ್ಟ್‌ವರೆಗೆ ಏರಿಸಿದರು. ಆದರೆ ಹರಿದ ಕರೆಂಟು ಬರೀ 2 ಮಿಲಿಆಂಪ್. ಆಮೇಲೆ ವಿಷಯವನ್ನು ಬಹುಪಾಲು ಎಲ್ಲರೂ ಮರೆತರು.

ಜೀವ ಬಂದದ್ದು 1987ರಲ್ಲಿ. ಅಮೆರಿಕದ ಪೊಟೊಮ್ಯಾಕ್ ನದಿಯ ತಳದ ಕೆಸರಿನಲ್ಲಿ ಡೆರೆಕ್ ಲವ್ಲಿ ಒಂದು ಬ್ಯಾಕ್ಟೀರಿಯಾ ಕಂಡರು. ಅದಕ್ಕೆ ಆಮೇಲೆ ಜಿಯೋಬ್ಯಾಕ್ಟರ್ ಎಂಬ ಹೆಸರಾಯಿತು. ಅದರ ಚಾಳಿ ಇಷ್ಟು: ಯಾವ ಜೀವಿಯೇ ಆಗಲಿ ಆಹಾರವನ್ನು ಒಡೆದಾಗ ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ, ಅವನ್ನು ಯಾರಿಗಾದರೂ ದಾಟಿಸಲೇಬೇಕು. ನಾವು ಉಸಿರಿನಲ್ಲಿ ಎಳೆದುಕೊಂಡ ಆಮ್ಲಜನಕಕ್ಕೆ ದಾಟಿಸುತ್ತೇವೆ. ಗಾಳಿ ಇಲ್ಲದ ಕೆಸರಿನಲ್ಲಿ ಬದುಕುವ ಜಿಯೋಬ್ಯಾಕ್ಟರ್ ತನ್ನ ಮೈಯಾಚೆಗಿನ ಕಬ್ಬಿಣದ ತುಕ್ಕಿಗೆ ದಾಟಿಸುತ್ತದೆ. ತುಕ್ಕಿನ ಜಾಗದಲ್ಲಿ ಇಂಗಾಲದ ಹಲಗೆ, ಅಂದರೆ ಎಲೆಕ್ಟ್ರೋಡು, ಇಟ್ಟರೆ ಅದಕ್ಕೂ ಕೊಡುತ್ತದೆ, ಭೇದವಿಲ್ಲ. ಹಲಗೆಗೆ ತಂತಿ ಕಟ್ಟಿ, ಇನ್ನೊಂದು ತುದಿಯನ್ನು ಗಾಳಿ ತಾಗುವ ಇನ್ನೊಂದು ಹಲಗೆಗೆ ಸೇರಿಸಿದರೆ ಎಲೆಕ್ಟ್ರಾನುಗಳು ತಂತಿಯೊಳಗೆ ಹರಿದು ಅಲ್ಲಿನ ಆಮ್ಲಜನಕವನ್ನು ಮುಟ್ಟುತ್ತವೆ. ಹರಿದದ್ದೇ ಕರೆಂಟು. ಕೊಳಚೆಯಲ್ಲಿದ್ದ ಕಶ್ಮಲ ಆ ಹೊತ್ತಿಗೆ ಬ್ಯಾಕ್ಟೀರಿಯಾದ ಹೊಟ್ಟೆಗೆ ಹೋಗಿರುತ್ತದೆ, ನೀರು ಅಷ್ಟರ ಮಟ್ಟಿಗೆ ತಿಳಿಯಾಗಿರುತ್ತದೆ. ಒಂದೇ ಕ್ರಿಯೆಯಲ್ಲಿ ಎರಡು ಕೆಲಸ.

ಇದಕ್ಕೆ ಬೇಕಾದ ಬ್ಯಾಕ್ಟೀರಿಯಾವನ್ನು ಅಂಗಡಿಯಿಂದ ತರಬೇಕಿಲ್ಲ. ಕೆರೆಯ ಕೆಸರಿನಲ್ಲಿ, ಚರಂಡಿಯಲ್ಲಿ ಬೇಕಾದಷ್ಟಿದೆ. ಹಸುವಿನ ಹೊಟ್ಟೆಯೊಳಗೇ ಇದೆ: ಓಹಿಯೋದ ಸಂಶೋಧಕರು ಹಸುವಿನ ಮೊದಲ ಹೊಟ್ಟೆಯ ದ್ರವ ತೆಗೆದು, ಅದಕ್ಕೆ ಸೆಲ್ಯುಲೋಸ್ ಉಣಿಸಿ, ಚದರ ಮೀಟರ್ ಎಲೆಕ್ಟ್ರೋಡಿಗೆ 55 ಮಿಲಿವ್ಯಾಟ್ ತೆಗೆದದ್ದನ್ನು 2007ರಲ್ಲಿ ವರದಿ ಮಾಡಿದರು. ಹುಲ್ಲನ್ನು ಹಾಲು ಮಾಡುವ ಕಾರ್ಖಾನೆಯ ಕೂಲಿಗಳೇ ಬಿಡುವಿನಲ್ಲಿ ಕರೆಂಟೂ ಮಾಡಿಕೊಟ್ಟರು ಅನ್ನಿ.

ಸಾಧನವನ್ನು ಕಣ್ಣೆದುರು ಇಟ್ಟುಕೊಂಡು ನೋಡುವುದು ಒಳ್ಳೆಯದು. ಬ್ಯಾಕ್ಟೀರಿಯಾ ಕೂರುವ ಹಲಗೆ ಆನೋಡು, ಗಾಳಿ ತಾಗುವುದು ಕ್ಯಾಥೋಡು; ಇವುಗಳ ನಡುವೆ ಅಯಾನುಗಳನ್ನು ಬಿಟ್ಟು ಗಾಳಿಯನ್ನು ತಡೆಯುವ ಒಂದು ಪರದೆ ಬೇಕು. ಪ್ರಯೋಗಾಲಯದಲ್ಲಿ ಅದಕ್ಕೆ ಬಳಸುವ ಪ್ಲಾಸ್ಟಿಕ್ ಪೊರೆ ಬಲು ದುಬಾರಿ. ಖರಗ್‌ಪುರ ಐಐಟಿಯಲ್ಲಿ ಎಂ.ಎಂ. ಘಾಂಗ್ರೇಕರ್ ಅವರ ತಂಡ ಅದರ ಬದಲು ಸಾದಾ ಮಣ್ಣಿನ ಮಡಕೆ ಹಿಡಿಯಿತು. ಆ ಮಡಕೆ ಕೋಶದಲ್ಲಿ ಅಕ್ಕಿ ಗಿರಣಿಯ ಕೊಳಚೆ ನೀರನ್ನು ಸಂಸ್ಕರಿಸಿದ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಸುಟ್ಟ ಮಣ್ಣಿನ ಸಣ್ಣ ರಂಧ್ರಗಳು ಅಯಾನುಗಳಿಗೆ ದಾರಿ ಕೊಡುತ್ತವೆ. ಮಡಕೆ ಬೆವರುವುದೂ ಅದೇ ರಂಧ್ರಗಳಿಂದಲೇ. ಕೊಳ್ಳೇಗಾಲ, ಯಳಂದೂರಿನ ಕುಂಬಾರರ ಕೈಯಲ್ಲಿ ಆಗದ ಕೆಲಸವೇನಲ್ಲ ಇದು.

ಬಾಯಿ ಮುಚ್ಚಿದ ಮಡಕೆಯ ಒಳಗೆ ಸೋಸಿದ ಗಂಜಲದ ನೀರು, ಅದರಲ್ಲಿ ಮುಳುಗಿದ ಇಂಗಾಲದ ಬಟ್ಟೆ. ಮಡಕೆಯ ಹೊರಮೈಗೆ ಸುತ್ತಿದ ಇನ್ನೊಂದು ಇಂಗಾಲದ ಬಟ್ಟೆ, ಅದಕ್ಕೆ ಗಾಳಿ. ಎರಡರಿಂದ ಎರಡು ತಂತಿ, ನಡುವೆ ಮಲ್ಟಿಮೀಟರ್. ಮೊದಲ ದಿನ ಮುಳ್ಳು ಅಲುಗುವುದೇ ಕಷ್ಟ. ಒಳಗಿನ ಬಟ್ಟೆಯ ಮೇಲೆ ಬ್ಯಾಕ್ಟೀರಿಯಾದ ಲೋಳೆಪದರ ಕೂರುತ್ತಾ ಬಂದಂತೆ, ಕೆಲವು ದಿನ ಕಳೆದು, ವೋಲ್ಟೇಜು ಏರಿ 0.4, 0.5ಕ್ಕೆ ನಿಲ್ಲುತ್ತದೆ. ಅಲ್ಲಿಂದ ಮೇಲಕ್ಕೆ ಹೋಗದು. ಲೆಕ್ಕದ ಪ್ರಕಾರ ಸಿಗಬೇಕಾದದ್ದು 1.1 ವೋಲ್ಟ್, ಉಳಿದದ್ದು ಒಳಗಿನ ತಡೆಗಳಲ್ಲೇ ಸೋರಿ ಹೋಗುತ್ತದೆ. ಕೆಂಪು ಎಲ್‌ಇಡಿ ಒಂದು ಮಿನುಗಬೇಕಾದರೂ 1.8 ವೋಲ್ಟ್ ಬೇಕು, ಹಾಗಾಗಿ ನಾಲ್ಕೈದು ಮಡಕೆಗಳನ್ನು ಸಾಲಾಗಿ ಜೋಡಿಸಬೇಕು. ಜೋಡಿಸಿದ ಮೇಲೆ ಇನ್ನೊಂದು ತರಲೆ: ಸಾಲಿನಲ್ಲಿ ಒಂದು ಮಡಕೆ ಸೊರಗಿದರೆ ಮಿಕ್ಕವು ಅದರ ಮೇಲೆ ಸವಾರಿ ಮಾಡಿ ಅದರ ವೋಲ್ಟೇಜನ್ನೇ ತಿರುಗುಮುರುಗು ಮಾಡಿಬಿಡುತ್ತವೆ. ಹೊರಗಿನ ಬಟ್ಟೆಯ ಮೇಲೆ ದಿನ ಕಳೆದಂತೆ ಬಿಳಿ ಉಪ್ಪು ಕೂರುತ್ತದೆ. ಅದನ್ನು ಆಗಾಗ ತಿಕ್ಕಿ ತೊಳೆಯದಿದ್ದರೆ ಕರೆಂಟು ಇಳಿಯುತ್ತದೆ. ಪ್ರಯೋಗಾಲಯದ ಚೊಕ್ಕ ಗ್ರಾಫಿನಲ್ಲಿ ಈ ಉಪ್ಪಿನ ಕೆಲಸ ಕಾಣುವುದಿಲ್ಲ.

ಈಗ ಲೆಕ್ಕ. ಜಾನುವಾರು ಕೊಳಚೆಯ ಮೇಲೆ ಎಲ್ಲರೂ ಉಲ್ಲೇಖಿಸುವ ಪ್ರಯೋಗ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಬ್ರೂಸ್ ಲೋಗನ್ ತಂಡದ್ದು, 2005ರದು. ಹಂದಿ ಸಾಕಣೆಯ ಕೊಳಚೆ ನೀರಿನಿಂದ ಚದರ ಮೀಟರ್ ಎಲೆಕ್ಟ್ರೋಡಿಗೆ 261 ಮಿಲಿವ್ಯಾಟ್ ಬಂತು. ಅದೇ ಕೋಶಕ್ಕೆ ಮನೆಗಳ ಕೊಳಚೆ ನೀರು ಕೊಟ್ಟಾಗ ಬಂದದ್ದು 146. ಅಂದರೆ ಪ್ರಾಣಿಗಳ ಕೊಳಚೆ ಮನುಷ್ಯರದಕ್ಕಿಂತ ಒಳ್ಳೆಯ ಇಂಧನ; ಅದರಲ್ಲಿ ಕಶ್ಮಲವೂ ಹೆಚ್ಚು, ಉಪ್ಪಿನಂಶವೂ ಹೆಚ್ಚು. ಸಂತೋಷ. ಆದರೆ ಕಾಲು ವ್ಯಾಟಿನ ಲೆಕ್ಕದಲ್ಲಿ 9 ವ್ಯಾಟಿನ ಒಂದು ಎಲ್‌ಇಡಿ ಬಲ್ಬು ಉರಿಯಲು ಸುಮಾರು 34 ಚದರ ಮೀಟರ್ ಎಲೆಕ್ಟ್ರೋಡು ಬೇಕು. ಹಳ್ಳಿ ಮನೆಯ ಎರಡು ಕೋಣೆಯ ನೆಲದಷ್ಟು ಇಂಗಾಲದ ಬಟ್ಟೆ, ಒಂದು ಬಲ್ಬಿಗೆ.

ಇನ್ನೊಂದು ಕಡೆಯಿಂದ ಲೆಕ್ಕ ಹಾಕಿ ನೋಡೋಣ. ನಾಲ್ಕು ಸೀಮೆಹಸುಗಳ ಕೊಟ್ಟಿಗೆ ತೊಳೆದ ನೀರು ದಿನಕ್ಕೆ 200 ಲೀಟರ್ ಎನ್ನಿ. ಲೀಟರಿಗೆ 5 ಗ್ರಾಂ ಸಿಒಡಿ ಇದೆ ಎನ್ನಿ. ಸಿಒಡಿ ಎಂದರೆ ಅಷ್ಟು ಕಶ್ಮಲ ಉರಿದು ಹೋಗಲು ಬೇಕಾದ ಆಮ್ಲಜನಕದ ಅಳತೆ. ಒಟ್ಟು ಒಂದು ಕಿಲೋ ಆಯಿತು. ಅದರಲ್ಲಿ ಐದನೇ ನಾಲ್ಕು ಭಾಗವನ್ನು ಕೋಶ ತಿಂದು, ಬಿಡುಗಡೆಯಾದ ಎಲೆಕ್ಟ್ರಾನುಗಳಲ್ಲಿ ಐದನೇ ಒಂದು ಭಾಗವನ್ನು ತಂತಿಗೆ ಕೊಟ್ಟು, 0.4 ವೋಲ್ಟಿನಲ್ಲಿ ಹರಿಸಿದರೆ ಕೈಗೆ ಬರುವುದು ಯೂನಿಟ್ಟಿನ ಐದನೇ ಒಂದು ಭಾಗ. ದಿನವಿಡೀ ಉರಿಯುವ ಅದೇ 9 ವ್ಯಾಟಿನ ಬಲ್ಬು. ದುಡ್ಡಿನಲ್ಲಿ ಹೇಳಬೇಕೆಂದರೆ ರೂಪಾಯಿಯ ಮೇಲೆ ಚಿಲ್ಲರೆ.

ಜಲಪಾತದ ಪಕ್ಕದ ಜನಕ್ಕೆ ಹೇಳುವುದಾದರೆ ಇದು ಭರಚುಕ್ಕಿಯಲ್ಲ, ಬಂಡೆ ಸಂದಿಯ ಒರತೆ. ಮೇಲಾಗಿ 2023ರಿಂದ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಮನೆಗೆ ತಿಂಗಳಿಗೆ 200 ಯೂನಿಟ್‌ವರೆಗೆ ಪುಕ್ಕಟೆ. ಮೀಟರು ಇರುವ ಮನೆಯವರು ಐದನೇ ಒಂದು ಯೂನಿಟ್ಟಿಗಾಗಿ ಮಡಕೆ ತಿಕ್ಕುತ್ತಾ ಕೂರಲಿ ಎಂದು ಯಾವ ಬಾಯಲ್ಲಿ ಹೇಳುವುದು? ಮೀಟರೇ ಇಲ್ಲದ ಕಾಡಿನ ಊರಿಗೂ ಇದಕ್ಕಿಂತ ಚಿಕ್ಕದೊಂದು ಸೋಲಾರ್ ಹಲಗೆಯೇ ವಾಸಿ. ಸಂಶೋಧನಾ ಸುದ್ದಿಗಳಲ್ಲಿ ‘ಸಗಣಿಯಿಂದ ಬೆಳಕು’ ಎಂಬ ತಲೆಬರಹ ಕಂಡಾಗಲೆಲ್ಲ ಚದರ ಮೀಟರಿನ ಲೆಕ್ಕ ಕೇಳುವ ಅಭ್ಯಾಸ ಒಳ್ಳೆಯದು.

ಇನ್ನು ಸಗಣಿಯ ಮಾತು. ಈ ಸೀಮೆಯಲ್ಲಿ ಸಗಣಿಯನ್ನು ಕಸ ಎಂದು ಕರೆದರೆ ಜನ ನಗುತ್ತಾರೆ. ತಿಪ್ಪೆಗೆ ಟ್ರ್ಯಾಕ್ಟರ್ ಲೋಡಿನ ಲೆಕ್ಕದಲ್ಲಿ ಬೆಲೆ ಇದೆ. ಅರಿಶಿನ, ಬಾಳೆ, ಕಬ್ಬು ಬೆಳೆಯುವ ಚಾಮರಾಜನಗರದ ಬಯಲಿಗೆ ಗೊಬ್ಬರ ಎಷ್ಟಿದ್ದರೂ ಸಾಲದು. ಕೊಳ್ಳೇಗಾಲ ರೇಷ್ಮೆಯ ಊರು. ನೀರಾವರಿ ಹಿಪ್ಪುನೇರಳೆಗೆ ಹೆಕ್ಟೇರಿಗೆ ವರ್ಷಕ್ಕೆ 20 ಟನ್ ಕೊಟ್ಟಿಗೆ ಗೊಬ್ಬರ ಹಾಕಿ ಎಂಬುದು ರೇಷ್ಮೆ ಇಲಾಖೆಯವರ ಹಳೆಯ ಪಾಠ. ಇದೇ ಜಿಲ್ಲೆಯ ಗುಂಡ್ಲುಪೇಟೆ ಕಡೆ, ಬಂಡೀಪುರದ ಅಂಚಿನ ಹಳ್ಳಿಗಳಲ್ಲಿ, ಜೀವವಿಜ್ಞಾನಿ ಎಂ.ಡಿ. ಮಧುಸೂದನ್ ನಡೆಸಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. 1990ರ ದಶಕದಲ್ಲಿ ಕಾಫಿಗೆ ಬೆಲೆ ಏರಿತು; ಕಾಫಿ ತೋಟದವರು ಗೊಬ್ಬರಕ್ಕಾಗಿ ಘಟ್ಟ ಇಳಿದು ಬಂದರು; ತನ್ನ ಹೊಲಕ್ಕೆ ತಾನೇ ಹಾಕಿಕೊಳ್ಳುತ್ತಿದ್ದ ಸಗಣಿ ಲಾರಿ ಹತ್ತುವ ಸರಕಾಯಿತು; ಸಗಣಿಗಾಗಿಯೇ ದನ ಕಟ್ಟುವುದು ಲಾಭದ ಬಾಬ್ತಾಯಿತು; ಆ ದನಗಳೆಲ್ಲ ಮೇದದ್ದು ಹುಲಿಯ ಕಾಡಿನಲ್ಲಿ. ದೂರದೇಶದ ಕಾಫಿ ಪೇಟೆಯ ಏರಿಳಿತ ಬಂಡೀಪುರದ ಹುಲ್ಲಿನ ಎತ್ತರವನ್ನು ತೀರ್ಮಾನಿಸಿತು ಎಂಬುದು ನನ್ನ ಮಟ್ಟಿಗೆ ಆ ಅಧ್ಯಯನದ ಮರೆಯಲಾಗದ ಸಂಗತಿ.

ಹನೂರಿನ ಗಡಿಯಾಚೆ, ತಮಿಳುನಾಡಿನ ಬರಗೂರು ಬೆಟ್ಟದಲ್ಲಿ ಕನ್ನಡ ಮಾತಾಡುವ ಲಿಂಗಾಯತರು ಸಾಕುವ ಬರಗೂರು ದನದ ಕತೆಯೂ ಇದಕ್ಕೆ ಹೊಂದುತ್ತದೆ. ಕಂದು ಮೈಯ ಮೇಲೆ ಬಿಳಿ ಮಚ್ಚೆಯ ಈ ದನ ಹಾಲಿಗೆ ಹೆಸರಾದದ್ದಲ್ಲ. ಕಾಡಿನೊಳಗೆ ಪಟ್ಟಿ ಎಂಬ ದೊಡ್ಡಿಗಳಲ್ಲಿ ರಾತ್ರಿ ಕೂಡುತ್ತವೆ, ಬೆಳಗಾದರೆ ಮೇಯಲು ಹೊರಡುತ್ತವೆ. ಪಟ್ಟಿಯಲ್ಲಿ ಉಳಿದ ಸಗಣಿ ಬಯಲಿನ ಹೊಲಗಳಿಗೆ ಮಾರಾಟವಾಗುತ್ತದೆ. ಅಲ್ಲಿ ಕೊಳಚೆ ನೀರು ಎಂಬುದೇ ಇಲ್ಲ; ಗಂಜಲ ಬಿದ್ದಲ್ಲೇ ಮಣ್ಣು ಹೀರುತ್ತದೆ. ಬೆಟ್ಟದ ಮೇಲಿನ ಸೋಲಿಗರಂತೂ ಮೂಲತಃ ದನ ಸಾಕಿ ಬಾಳಿದವರಲ್ಲ. ಜೇನು, ನೆಲ್ಲಿ, ಪಾಚಿ, ಹಿತ್ತಲ ಕಾಫಿ ಅವರ ಬದುಕು. ಹಾಗಾಗಿ ಸಗಣಿ ನೀರಿನ ಯಂತ್ರವನ್ನು ಪೋಡಿಗೆ ಹೊತ್ತುಕೊಂಡು ಹೋದರೆ ಅದಕ್ಕೆ ಉಣಿಸಲು ಏನೂ ಸಿಗದು.

ಹಾಗಾದರೆ ಕೊಳಚೆ ಇರುವುದೆಲ್ಲಿ? ದನವನ್ನು ಕಾಡಿನಿಂದ ಹಿಂದಕ್ಕೆ ಕರೆದು ಗೂಟಕ್ಕೆ ಕಟ್ಟಿದಲ್ಲಿ. ಆ ಕೆಲಸ ಈಗ ಎರಡು ಕಡೆಯಿಂದ ನಡೆಯುತ್ತಿದೆ. ಒಂದು, ಮೇವಿನ ಕಾಡೇ ಕಿರಿದಾಗಿದೆ. ಬಿಳಿಗಿರಿ 1974ರಲ್ಲಿ ಅಭಯಾರಣ್ಯವಾಯಿತು, 2011ರಲ್ಲಿ ಹುಲಿ ಮೀಸಲಾಯಿತು. ಮಲೆ ಮಹದೇಶ್ವರ ಬೆಟ್ಟ 2013ರಲ್ಲಿ ಅಭಯಾರಣ್ಯವಾಯಿತು. ಕಾಡಿನ ಒಳಗೆ ಲಂಟಾನ ಕಳೆ ಹಬ್ಬಿ ಹುಲ್ಲನ್ನು ನುಂಗಿದೆ. ಸೋಲಿಗರು ತರಗುಬೆಂಕಿ ಹಾಕುವುದನ್ನು ನಿಲ್ಲಿಸಿದ್ದೇ ಅದಕ್ಕೆ ಕಾರಣ ಎಂದು ಅವರ ಹಿರಿಯರು ಹೇಳುತ್ತಾರೆ. 2025ರ ಜೂನ್‌ನಲ್ಲಿ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ ಮತ್ತು ನಾಲ್ಕು ಮರಿಗಳು ಸತ್ತವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ಅದಾದ ಮೇಲೆ ಕಾಡಿನಲ್ಲಿ ದನ ಮೇಯಿಸುವುದನ್ನು ತಡೆಯುವ ಮಾತು ಸರ್ಕಾರದ ಮಟ್ಟದಲ್ಲೇ ಗಟ್ಟಿಯಾಗಿ ಎದ್ದಿತು. ಇನ್ನೊಂದು ಕಡೆ, ಹಾಲಿನ ಡೈರಿ. ಡೈರಿಗೆ ಹಾಲು ಹಾಕುವವರಿಗೆ ಹತ್ತು ನಾಡದನಕ್ಕಿಂತ ಎರಡು ಸೀಮೆಹಸು ಮೇಲು. ಸೀಮೆಹಸು ಬೆಟ್ಟ ಹತ್ತಿ ಮೇಯುವುದಿಲ್ಲ. ಅದಕ್ಕೆ ಸಿಮೆಂಟಿನ ನೆಲ, ರಬ್ಬರ್ ಮ್ಯಾಟು, ದಿನಕ್ಕೆರಡು ಸಲ ಪೈಪು ಹಿಡಿದು ತೊಳೆಯುವ ಶಾಸ್ತ್ರ.

ಯಳಂದೂರಿನ ಬಯಲ ಹಳ್ಳಿಗಳಲ್ಲಿ ಬೆಳಗಿನ ಹಾಲು ಕರೆಯುವ ಹೊತ್ತಿಗೆ ಇದು ಕಾಣುತ್ತದೆ. ಸಗಣಿಯನ್ನು ಕೈಯಲ್ಲೇ ಬಾಚಿ ಮಕ್ಕರಿಗೆ ತುಂಬಿ ತಿಪ್ಪೆಗೆ ಒಯ್ಯುತ್ತಾರೆ, ಒಂದು ಹಿಡಿಯನ್ನೂ ಬಿಡುವುದಿಲ್ಲ. ಆಮೇಲೆ ನೀರು ಬಿಟ್ಟು ಪೊರಕೆ ಹಾಕುತ್ತಾರೆ. ಸಗಣಿಯ ಜಿಡ್ಡು, ಗಂಜಲ, ಮುಸುರೆಯ ಬಾನಿ ಚೆಲ್ಲಿದ್ದು ಎಲ್ಲ ಸೇರಿದ ಹಸಿರುಗಪ್ಪು ನೀರು ಕೊಟ್ಟಿಗೆಯ ಕಾಲುವೆಯಲ್ಲಿ ಹರಿದು, ಗೋಡೆಯ ಬುಡದ ತೂತಿನಿಂದ ಬೀದಿಯ ಮೋರಿಗೆ ಬೀಳುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ವಾರಸುದಾರರಿಲ್ಲ. ಮೋರಿಯಲ್ಲಿ ನಿಂತರೆ ಸೊಳ್ಳೆ, ಹರಿದರೆ ಕೆರೆ, ಇಂಗಿದರೆ ಬೋರ್‌ವೆಲ್ಲಿನಲ್ಲಿ ನೈಟ್ರೇಟು. ಸಗಣಿಗೆ ಗಿರಾಕಿ ಇದೆ, ಈ ನೀರಿಗೆ ಇಲ್ಲ.

ಗೋಬರ್ ಗ್ಯಾಸ್ ಇದೆಯಲ್ಲ ಎನ್ನಬಹುದು. ಇದೆ, ಮತ್ತು ಸಗಣಿಯ ಮಟ್ಟಿಗೆ ಅದನ್ನು ಸೂಕ್ಷ್ಮಾಣು ಕೋಶ ಸೋಲಿಸಲಾರದು. ಕಿಲೋ ಹಸಿ ಸಗಣಿಗೆ ಸುಮಾರು 40 ಲೀಟರ್ ಅನಿಲ. ನಾಲ್ಕೈದು ದನದ 50 ಕಿಲೋ ಸಗಣಿಗೆ 2 ಘನ ಮೀಟರ್, ಒಂದು ಮನೆಯ ಅಡುಗೆಗೆ ಸಾಕು. ಎಂಜಿನ್ನಿಗೆ ಹಾಕಿದರೆ ಮೂರು ಯೂನಿಟ್ಟಿನ ಹತ್ತಿರ. ಮೇಲೆ ಹೇಳಿದ ಐದನೇ ಒಂದು ಭಾಗದ ಮುಂದೆ ಇದು ರಾಜ. ಆದರೆ ಗೋಬರ್ ಗ್ಯಾಸಿಗೆ ಸಗಣಿ ಗಟ್ಟಿಯಾಗಿರಬೇಕು, ಸಮಸಮ ನೀರು ಸೇರಿಸಿದರೆ ಸರಿ. ಕೊಟ್ಟಿಗೆ ತೊಳೆದ ತೆಳು ನೀರು ಸುರಿದರೆ ತೊಟ್ಟಿ ತುಂಬುತ್ತದೆಯೇ ಹೊರತು ಅನಿಲ ಬರದು. ಚಳಿಗಾಲದಲ್ಲಿ ಮೀಥೇನ್ ಮಾಡುವ ಜೀವಿಗಳು ಬೇರೆ ಸೋಮಾರಿಯಾಗುತ್ತವೆ. ತೆಳು ನೀರು, ತಂಪು ಹವೆ: ಸೂಕ್ಷ್ಮಾಣು ಕೋಶಕ್ಕೆ ಸ್ವಲ್ಪವಾದರೂ ಮೇಲುಗೈ ಇರುವುದು ಇಲ್ಲೇ.

ನಿಜವಾದ ಉಳಿತಾಯವೂ ಇಲ್ಲೇ ಇದೆ. ಇಂಥ ನೀರನ್ನು ಪೇಟೆಯ ಪದ್ಧತಿಯಲ್ಲಿ ಶುದ್ಧ ಮಾಡಬೇಕೆಂದರೆ ಬ್ಲೋವರ್ ಇಟ್ಟು ಗಾಳಿ ಊದಬೇಕು. ಕಿಲೋ ಸಿಒಡಿ ಕರಗಿಸಲು ಹೆಚ್ಚುಕಡಿಮೆ ಒಂದು ಯೂನಿಟ್ ಕರೆಂಟು ಬೇಕು, ಕೊನೆಗೆ ಕೆಸರಿನ ರಾಶಿ ಬೇರೆ ಉಳಿಯುತ್ತದೆ. ಸೂಕ್ಷ್ಮಾಣು ಕೋಶದ ಕ್ಯಾಥೋಡು ಗಾಳಿಯನ್ನು ತಾನಾಗಿಯೇ ಎಳೆದುಕೊಳ್ಳುತ್ತದೆ, ಕೆಸರೂ ಕಡಿಮೆ. ಹುಟ್ಟುವ ಐದನೇ ಒಂದು ಯೂನಿಟ್ಟಿಗಿಂತ, ಖರ್ಚಾಗದೆ ಉಳಿಯುವ ಒಂದು ಯೂನಿಟ್ಟು ದೊಡ್ಡದು. ಒಂದು ಮನೆಯ ಕೊಟ್ಟಿಗೆಯಲ್ಲಿ ಯಾರೂ ಬ್ಲೋವರ್ ಇಡುವುದಿಲ್ಲ, ಆದ್ದರಿಂದ ಅಲ್ಲಿ ಈ ಉಳಿತಾಯ ಕಾಣದು. ಐವತ್ತು, ನೂರು ಹಸುಗಳ ಫಾರಂ, ಗೋಶಾಲೆಗಳಲ್ಲಿ ಕಾಣುತ್ತದೆ.

ದೊಡ್ಡದು ಮಾಡಿದವರ ಅನುಭವ ಮಿಶ್ರ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು 2007ರಲ್ಲಿ ಯಟಾಲದ ಫಾಸ್ಟರ್ಸ್ ಬಿಯರ್ ಕಾರ್ಖಾನೆಯ ಅಂಗಳದಲ್ಲಿ ಒಂದು ಘನ ಮೀಟರಿನ ಕೋಶ ನಿಲ್ಲಿಸಿದರು. ಮೂರು ಮೀಟರ್ ಎತ್ತರದ ಹನ್ನೆರಡು ಕೊಳವೆಗಳು. ಸುದ್ದಿ ಜಗತ್ತೆಲ್ಲ ಸುತ್ತಿತು, ಕರೆಂಟು ಮಾತ್ರ ಲೆಕ್ಕಕ್ಕೆ ಬರುವಷ್ಟು ಬರಲಿಲ್ಲ. ಬಿಯರ್ ಕಾರ್ಖಾನೆಯ ನೀರಿನಲ್ಲಿ ಉಪ್ಪಿನಂಶ ಕಡಿಮೆ, ಹಾಗಾಗಿ ಕರೆಂಟು ಹರಿಯಲು ತಡೆ ಹೆಚ್ಚು. ಆ ವಿಷಯದಲ್ಲಿ ಗಂಜಲ ಪರವಾಗಿಲ್ಲ, ಅದರಲ್ಲಿ ಲವಣಕ್ಕೆ ಬರವಿಲ್ಲ. ಕ್ಯಾಲಿಫೋರ್ನಿಯಾದ ತಂಡವೊಂದು ಹಂದಿ ಕೊಳಚೆಯ ಮೇಲೆ 110 ಲೀಟರಿನ ಕೋಶವನ್ನು 200ಕ್ಕೂ ಹೆಚ್ಚು ದಿನ ನಿಲ್ಲದಂತೆ ನಡೆಸಿದ್ದನ್ನು 2020ರಲ್ಲಿ ವರದಿ ಮಾಡಿತು. ಅವರು ಕರೆಂಟಿನ ಬಗ್ಗೆ ಹೆಚ್ಚು ಕೊಚ್ಚಿಕೊಳ್ಳದೆ ಸಂಸ್ಕರಣೆಯನ್ನೇ ಮುಂದಿಟ್ಟದ್ದು ನನಗೆ ಈ ಕ್ಷೇತ್ರ ಬಲಿಯುತ್ತಿರುವ ಗುರುತಾಗಿ ಕಾಣುತ್ತದೆ.

ಪುಟ್ಟ ಕರೆಂಟಿಗೂ ಕೆಲಸ ಇಲ್ಲದಿಲ್ಲ ಎಂದು ಒಂದು ಮಾತು ಸೇರಿಸಬೇಕು. ಅಮೆರಿಕದ ನೌಕಾಪಡೆಯ ಸಂಶೋಧಕರು ನದಿತಳದ ಕೆಸರಿಗೆ ಎಲೆಕ್ಟ್ರೋಡು ಹೂತು ಹವಾಮಾನ ಅಳೆಯುವ ತೇಲುಪೆಟ್ಟಿಗೆಯನ್ನು ನಡೆಸಿದ ವರದಿ 2008ರದು. ಲಂಡನ್ ಮೃಗಾಲಯದಲ್ಲಿ 2019ರಲ್ಲಿ ಪೀಟ್ ಎಂಬ ಹೆಸರಿನ ಜರೀಗಿಡವೊಂದು ತನ್ನ ಬೇರಿನ ಬಳಿಯ ಬ್ಯಾಕ್ಟೀರಿಯಾದ ಕರೆಂಟಿನಿಂದ ತನ್ನದೇ ಸೆಲ್ಫಿ ತೆಗೆದುಕೊಂಡಿತು. ಹುಲಿ ಗಣತಿಗೆ ಕ್ಯಾಮೆರಾ ಕಟ್ಟಿ ಬ್ಯಾಟರಿ ಬದಲಿಸಲು ಮೈಲಿಗಟ್ಟಲೆ ನಡೆಯುವ ಬಿಳಿಗಿರಿಯ ಅರಣ್ಯ ಸಿಬ್ಬಂದಿಗೆ ಇದು ಎಂದಾದರೂ ಪ್ರಯೋಜನಕ್ಕೆ ಬಂದೀತು.

ಯಂತ್ರಕ್ಕಿಂತ ಕಠಿಣವಾದದ್ದು ಯಂತ್ರದ ಸುತ್ತಲಿನ ವ್ಯವಹಾರ. ಅದಕ್ಕೆ ಉದಾಹರಣೆ ಕರ್ನಾಟಕದಲ್ಲೇ ಇದೆ, ಕುಣಿಗಲ್ ತಾಲ್ಲೂಕಿನ ಪುರ ಗ್ರಾಮ. ಅಮೂಲ್ಯ ರೆಡ್ಡಿಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಕಟ್ಟಿದ ಅಸ್ತ್ರ ತಂಡ ಅಲ್ಲಿ ಊರಿಗೆಲ್ಲ ಸೇರಿದ ಗೋಬರ್ ಗ್ಯಾಸ್ ಸ್ಥಾವರ ಹಾಕಿತು. ಮೊದಲು ಅಡುಗೆಗೆಂದು ಹೊರಟರು. ಊರಿನ ಸಗಣಿಯನ್ನೆಲ್ಲ ಒಟ್ಟುಗೂಡಿಸಿದರೂ ಎಲ್ಲ ಮನೆಯ ಒಲೆಗೆ ಅನಿಲ ಸಾಲಲಿಲ್ಲ. ಒಲೆ ಅರ್ಧ ಉರಿದು ಆರಿದರೆ ಹೆಂಗಸರಿಗೆ ಸೌದೆಯ ತಾಪತ್ರಯ ತಪ್ಪಿದಂತಾಗುವುದಿಲ್ಲ. ಆಗ ತಂಡ ಊರಿನವರ ಮಾತು ಕೇಳಿ ಗುರಿ ಬದಲಿಸಿತು. ಅನಿಲವನ್ನು ಡೀಸೆಲ್ ಎಂಜಿನ್ನಿಗೆ ಕೊಟ್ಟು 1987ರಿಂದ ಮನೆಗಳಿಗೆ ಬೆಳಕು, ಮುಂದೆ ಬೋರ್‌ವೆಲ್ಲಿನ ಕುಡಿಯುವ ನೀರು. ಅಡುಗೆಗೆ ಸಾಲದ ಸಗಣಿ ದೀಪಕ್ಕೂ ನಲ್ಲಿಗೂ ಸಾಕಾಯಿತು.

ಅದರಲ್ಲಿ ನನಗೆ ಇಷ್ಟವಾದ ಭಾಗ ಎಂಜಿನ್ನಲ್ಲ, ತಕ್ಕಡಿ. ಬೆಳಗ್ಗೆ ಹೆಂಗಸರು, ಮಕ್ಕಳು ತಂದ ಸಗಣಿಯನ್ನು ತೂಗಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ತಂದದ್ದಕ್ಕೆ ಕಿಲೋಗೆ 2 ಪೈಸೆ ಕೂಲಿ. ಅನಿಲ ಬಿಟ್ಟುಕೊಟ್ಟ ಬಗ್ಗಡವನ್ನು ಮರಳಿನ ಹಾಸಿನ ಮೇಲೆ ಇಂಗಿಸಿ, ಯಾರು ಎಷ್ಟು ಸಗಣಿ ತಂದರೋ ಆ ಪ್ರಮಾಣಕ್ಕೆ ಗೊಬ್ಬರ ವಾಪಸು. ಸಗಣಿ ಕೊಟ್ಟವನ ಹೊಲಕ್ಕೆ ಗೊಬ್ಬರ ತಪ್ಪಲಿಲ್ಲ, ಹಾಗಾಗಿ ಸಗಣಿ ಬರುವುದೂ ನಿಲ್ಲಲಿಲ್ಲ. ನಡೆಸುತ್ತಿದ್ದವರು ಊರಿನ ಹುಡುಗರೇ. ವ್ಯವಸ್ಥೆ ಹತ್ತಿರ ಹತ್ತಿರ ಒಂದು ದಶಕ ನಡೆಯಿತು. ಮನೆಮನೆಯ ಗೋಬರ್ ಗ್ಯಾಸ್ ಚೆನ್ನಾಗಿ ಬೇರೂರಿದ್ದು ಶಿರಸಿ ಕಡೆಯ ಅಡಿಕೆ ಸೀಮೆಯಲ್ಲಿ. ಅಲ್ಲಿ ದನ ಕೊಟ್ಟಿಗೆಯಲ್ಲಿರುತ್ತದೆ, ಮನೆ ಬಾಗಿಲಲ್ಲೇ ನೀರಿರುತ್ತದೆ, ಬಗ್ಗಡಕ್ಕೆ ತೋಟ ಕಾಯುತ್ತಿರುತ್ತದೆ. ಸಗಣಿ ಮಾರಾಟಕ್ಕೆ ಲಾರಿ ಬಂದು ನಿಲ್ಲುವ ಸೀಮೆಯಲ್ಲಿ ಈ ಮೂರೂ ಒಟ್ಟಿಗೆ ಕೂಡಿಬರುವುದು ಅಪರೂಪ.

ಬಿಳಿಗಿರಿಯ ಬುಡದಲ್ಲಿ ಯಾರಾದರೂ ಸೂಕ್ಷ್ಮಾಣು ಕೋಶ ಪ್ರಯತ್ನಿಸುವುದಾದರೆ ಸಗಣಿಯ ತಂಟೆಗೆ ಹೋಗದೆ, ಬಯಲ ಹಳ್ಳಿಯ ಹತ್ತಿಪ್ಪತ್ತು ಹಸುಗಳ ಕೊಟ್ಟಿಗೆಯ ತೊಳೆನೀರನ್ನಷ್ಟೇ ಹಿಡಿಯಲಿ. ಮೊದಲ ತೊಡಕು ಫಿನೈಲ್. ಕೆಚ್ಚಲು ಬಾವಿನ ಭಯಕ್ಕೆ ನೆಲಕ್ಕೆ ಫಿನೈಲ್ ಹಾಕಿ ತಿಕ್ಕುವುದು ರೂಢಿ. ಅದು ಕೋಶಕ್ಕೆ ಇಳಿದರೆ ವಾರಗಟ್ಟಲೆ ಬೆಳೆದ ಬ್ಯಾಕ್ಟೀರಿಯಾ ಪದರ ಒಂದೇ ದಿನಕ್ಕೆ ಸಾಯುತ್ತದೆ. ಫಿನೈಲ್ ಹಾಕಿದ ದಿನದ ನೀರನ್ನು ಬೇರೆ ದಾರಿಗೆ ತಿರುಗಿಸುವ ಒಂದು ಗೇಟು ಬೇಕು, ಅದನ್ನು ತಿರುಗಿಸುವ ನೆನಪು ಬೇಕು. ಎರಡನೆಯದು ಕಸಕಡ್ಡಿ, ಮೇವಿನ ಚೂರು. ಸೋಸದೆ ಬಿಟ್ಟರೆ ಕೋಶ ಕಟ್ಟಿಕೊಳ್ಳುತ್ತದೆ. ಮೂರನೆಯದು ಕ್ಯಾಥೋಡಿನ ಉಪ್ಪು. ಇವೆಲ್ಲ ಯಾರ ಕೆಲಸ? ಕೊಟ್ಟಿಗೆ ತೊಳೆಯುವ ಹೆಂಗಸಿನ ತಲೆಗೇ ಇದೂ ಬೀಳುವುದಾದರೆ ಅವಳಿಗೆ ಇದರಿಂದ ಸಿಗುವುದೇನು ಎಂಬುದನ್ನು ಮೊದಲೇ ಹೇಳಬೇಕು.

ಸಿಗುವುದು ಕರೆಂಟಲ್ಲ, ಸಾರಜನಕ. ಸೂಕ್ಷ್ಮಾಣು ಕೋಶ ನೀರಿನ ನಾತವನ್ನೂ ಕಶ್ಮಲವನ್ನೂ ತೆಗೆಯುತ್ತದೆ. ಗಂಜಲದ ಸಾರಜನಕದ ಒಂದಷ್ಟು ಪಾಲು ಅಮೋನಿಯಾ ಆಗಿ ಹಾರಿಹೋದರೂ ಮಿಕ್ಕದ್ದು ನೀರಿನಲ್ಲೇ ಉಳಿಯುತ್ತದೆ. ಗಂಜಲದಲ್ಲಿ ಸುಮಾರು ಶೇ 1ರಷ್ಟು ಸಾರಜನಕ. ನಾಲ್ಕು ಹಸುಗಳ ದಿನದ ಗಂಜಲ 35 ಲೀಟರ್ ಎಂದು ಹಿಡಿದರೆ ಅದರಲ್ಲಿರುವುದು ಮುಕ್ಕಾಲು ಕಿಲೋ ಯೂರಿಯಾಕ್ಕೆ ಸಮ. ಸಬ್ಸಿಡಿ ದರದಲ್ಲೇ ಲೆಕ್ಕ ಹಾಕಿದರೂ ಅದು ಆ ದಿನದ ಕರೆಂಟಿನ ಮೂರರಷ್ಟು ಬಾಳುತ್ತದೆ. ತಿಳಿಯಾದ ನೀರನ್ನು ಮೋರಿಗೆ ಬಿಡದೆ ಪಕ್ಕದ ಹಿಪ್ಪುನೇರಳೆ ಸಾಲಿಗೆ ತಿರುಗಿಸಿದರೆ ಸೊಪ್ಪು ಬರುತ್ತದೆ, ಸೊಪ್ಪಿನಿಂದ ಗೂಡು ಬರುತ್ತದೆ. ಆ ಐದನೇ ಒಂದು ಯೂನಿಟ್ಟನ್ನು ನೀರು ತಿರುಗಿಸುವ ಪುಟ್ಟ ಪಂಪಿನ ಬ್ಯಾಟರಿಗೆ ಕೂಡಿಟ್ಟರೆ, ದಿನಕ್ಕೆ ಒಂದಷ್ಟು ಹೊತ್ತು ಅದನ್ನು ಓಡಿಸಲು ಸಾಕು.